ನೂರರಲ್ಲಿ ಎಷ್ಟು ಕರಿತಲೆ

ನಿಶಿಹಾಮ, ಅಕ್ಟೋಬರ್ ೯

ಯಾಸುಜಿ,

ಬೆಟ್ಟದ ಮೇಲಿನ ಕಿತ್ತಳೆಗಳಿಗೆ ಬಣ್ಣ ತಿರುಗುತ್ತಿದೆ. ಇಷ್ಟು ಬರೆದು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಮೂವತ್ತೆರಡು ವರ್ಷ ನಾವಿಬ್ಬರೂ ಅಕ್ಕಪಕ್ಕದ ಬೋಟುಗಳಲ್ಲಿ ನಿಂತು ಒಂದೇ ಬಲೆಯ ಎರಡು ತುದಿ ಎಳೆದೆವು. ಪತ್ರ ಬರೆಯುವ ಪ್ರಸಂಗ ಬಂದಿರಲಿಲ್ಲ, ಕೂಗಿದರೆ ಸಾಕಾಗುತ್ತಿತ್ತು.

ನೀನು ಹೋಗಿ ಎರಡು ತಿಂಗಳಾಯಿತು. ನಿನ್ನ ಬೋಟು ಇದ್ದಲ್ಲೇ ಇದೆ. ಭಾನುವಾರ ನಾಗಿಸಾ ಅದರ ತಳ ಕೆರೆದು ಬಣ್ಣ ಬಳಿದಳು. ಏಣಿಯ ಮೇಲೆ ನಿಂತಾಗ ನಿನ್ನ ಮಗಳು ಹಿಂದಿನಿಂದ ನಿನ್ನ ಹಾಗೆಯೇ ಕಾಣುತ್ತಾಳೆ, ಎಡ ಭುಜ ಒಂದಿಷ್ಟು ಕೆಳಗೆ. ನಾನು ಬಲೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಹೋಗಿ ಒಂದು ಬ್ರಷ್ ಹಿಡಿಯಬಹುದಿತ್ತು.

ಬೋಟನ್ನು ಅವಳ ಹೆಸರಿಗೆ ಮಾಡುವ ವಿಷಯ ಮೀನುಗಾರರ ಸಂಘದ ಸಭೆಯಲ್ಲಿ ಬಂತು. ಯಾರೂ ಬೇಡವೆನ್ನಲಿಲ್ಲ. ಮಾರ್ಚ್ ಸಭೆಯಲ್ಲಿ ನೋಡೋಣ ಎಂದರು. ಹೊರಗೆ ಶೂ ಹಾಕಿಕೊಳ್ಳುವಾಗ ರೊಕುರೊ ಪಕ್ಕದವನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ತಟ್ಟೇಲಿ ಆಟ ಆಡಿದ ಮನೆ ಕಣಯ್ಯಾ ಅದು. ಅವಳ ಜೊತೆ ಬಲೆ ಯಾರು ಎಳೀತಾರೆ?" ನಾನು ಬಗ್ಗಿ ಲೇಸು ಕಟ್ಟುತ್ತಿದ್ದೆ. ಕಟ್ಟಿಯಾಗಿದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ.

ಮೇ ತಿಂಗಳ ಆ ಸಂಜೆಯ ಬಗ್ಗೆ ಬರೆಯಲೆಂದೇ ಕೂತದ್ದು. ಇವತ್ತು ಆಗುತ್ತಿಲ್ಲ. ಒಂದು ಪೆಟ್ಟಿಗೆ ಒಣ ಸೀಗಡಿ ಕಳಿಸುತ್ತಿದ್ದೇನೆ. ನದಿಯ ಬಯಲಲ್ಲಿ ಒಣಗಿಸಿದ್ದು, ಗುಲಾಬಿ ಬಣ್ಣ ಇನ್ನೂ ಇಳಿದಿಲ್ಲ. ಸುಮಿ ಈರುಳ್ಳಿ ಹಾಕಿ ಕರಿದರೆ ಆ ಬೆಟ್ಟದೂರಿನಲ್ಲೂ ಕಡಲಿನ ವಾಸನೆ ಬಂದೀತು.

ಕುನಿಹಿಕೊ


ಇನಾ, ಅಕ್ಟೋಬರ್ ೨೧

ಮಿಯಾಹಾರಾ ಅವರಿಗೆ,

ನಿಮ್ಮ ಪೆಟ್ಟಿಗೆ ತಲುಪಿತು. ಅದನ್ನು ಇದರ ಜೊತೆಗೇ ವಾಪಸ್ಸು ಕಳಿಸುತ್ತಿದ್ದೇನೆ. ಅಪಚಾರವೆಂದು ತಿಳಿಯಬೇಡಿ. ನಮ್ಮವರು ಈಗ ಸೀಗಡಿ ತಿನ್ನುತ್ತಿಲ್ಲ. ಮುಚ್ಚಳದ ಮೇಲಿನ ಚೀಟಿಯನ್ನು ನೀವು ನೋಡಿರಲಿಕ್ಕಿಲ್ಲ. ಒಣಗಿಸಿದ ದಿನ ಮೇ ೨೯ ಎಂದಿದೆ.

ಪತ್ರವನ್ನು ಅವರು ನಿಂತುಕೊಂಡೇ ಓದಿದರು. ಅಂಗಿಯ ಕಿಸೆಯಲ್ಲಿಟ್ಟು ಕೆಲಸಕ್ಕೆ ಹೋದರು. ಇಲ್ಲಿ ಒಂದು ಶಿಶುವಿಹಾರದ ವ್ಯಾನು ಓಡಿಸುತ್ತಾರೆ. ಆರೋಗ್ಯವಾಗಿದ್ದಾರೆ. ನಿಮ್ಮ ಆರೋಗ್ಯವನ್ನೂ ನೋಡಿಕೊಳ್ಳಿ.

ಓಸಾವಾ ಸುಮಿ


ನಿಶಿಹಾಮ, ನವೆಂಬರ್ ೭

ಯಾಸುಜಿ,

ಸುಮಿಯ ಪತ್ರ ಓದಿ ಮಹಡಿಗೆ ಹೋಗಿ ಉಳಿದ ಡಬ್ಬಿಗಳನ್ನು ತಿರುಗಿಸಿ ನೋಡಿದೆ. ಈ ಇಡೀ ಬಂದರಿನಲ್ಲಿ ನಿನಗೆ ಕಳಿಸಬಾರದ ಸೀಗಡಿ ಎಂಬುದಿದ್ದರೆ ಅದು ಮೇ ೨೯ರದೇ. ನನ್ನ ಕೈ ಅದಕ್ಕೇ ಹೋಗಿತ್ತು. ಯಾಕೆ ಹೋಯಿತೆಂದು ಕೆದಕಲು ಈಗ ಶಕ್ತಿಯಿಲ್ಲ.

ಹಿಂಗಾರಿನ ಮೀನುಗಾರಿಕೆ ಶುರುವಾಗಿದೆ. ಜೋಡಿಯಿಲ್ಲದ್ದರಿಂದ ನನ್ನ ಬೋಟು ದಕ್ಕೆಯಲ್ಲಿದೆ, ನಾನು ಗೆನ್ಜೊ ಅವರ ಬೋಟಿನಲ್ಲಿ ಆಳಾಗಿ ಹೋಗುತ್ತೇನೆ. ಮೊನ್ನೆ ಬಲೆಯ ಚೀಲ ಮೇಲೆ ಬಂದಾಗ ಅದು ಖಾಲಿ ಅಂಗಿಯಂತೆ ಮಡಚಿಕೊಂಡಿತ್ತು. ತಳದಲ್ಲಿ ಎರಡು ಬೊಗಸೆ, ಅದೂ ಉಗುರಿನಷ್ಟುದ್ದದವು. ಗೆನ್ಜೊ ಅವನ್ನು ಕಡಲಿಗೇ ಸುರಿಯಲು ಹೇಳಿದರು.

ಆ ಸಂಜೆ ನಡೆದದ್ದು ನಿನಗೆ ಗೊತ್ತು. ಆದರೂ ಒಮ್ಮೆ ನನ್ನ ಕೈಬರಹದಲ್ಲಿ ಇರಲಿ.

ಪರೀಕ್ಷೆ ಬಲೆ ಎಳೆಯುವ ಸರದಿ ನಮ್ಮ ಜೋಡಿಯದು. ಎಣಿಸುವ ಕೆಲಸವನ್ನು ಈ ವರ್ಷಕ್ಕೆ ನನಗೆ ಒಪ್ಪಿಸಿದ್ದರು. ಕತ್ತಲಾಗುತ್ತ ಸೀಗಡಿ ಆಳದಿಂದ ಮೇಲೇರುವ ಹೊತ್ತು. ಉಳಿದ ಬೋಟುಗಳೆಲ್ಲ ಇಂಜಿನ್ ತಗ್ಗಿಸಿ ಕಾಯುತ್ತಿದ್ದವು. ನೀನು ಚೀಲದಿಂದ ಒಂದು ಸೌಟು ಬಿಳಿ ತಟ್ಟೆಗೆ ಸುರಿದು, ಬೋಟನ್ನು ಪಕ್ಕಕ್ಕೆ ತಂದು, ತಟ್ಟೆಯನ್ನು ನನ್ನ ಕೈಗೆ ದಾಟಿಸಿದೆ. ನೂರು ಸೀಗಡಿ ಬೇರೆ ಮಾಡಿಕೊಂಡು, ತಲೆಯೊಳಗೆ ಶಾಯಿಯ ಹನಿ ಇಳಿದಂತೆ ಕಪ್ಪಾದವನ್ನು ಒಂದು ಪಕ್ಕಕ್ಕೆ ಸರಿಸುತ್ತ ಹೋದೆ. ಕರಿತಲೆಗಳು, ಮೊಟ್ಟೆ ತುಂಬಿದವು. ಅವು ಮೂವತ್ತು ದಾಟಿದರೆ ಯಾರೂ ಬಲೆ ಇಳಿಸಬಾರದು, ಎಲ್ಲರೂ ವಾಪಸ್ಸು. ಈ ಕಟ್ಟಳೆ ಸರಕಾರದ್ದಲ್ಲ. ನಾವೇ ಒಂದೇ ಕೋಣೆಯಲ್ಲಿ ಕೂತು ಮಾಡಿಕೊಂಡದ್ದು. ಅದಕ್ಕೆ ಕಾವಲು ಅಂತ ಇದ್ದದ್ದು ಎಣಿಸುವವನ ಬಾಯಿ ಮಾತ್ರ.

ಅದಕ್ಕೂ ಹಿಂದಿನ ನಾಲ್ಕು ಸಂಜೆ ನಾನು ಎಲ್ಲರನ್ನೂ ತಿರುಗಿಸಿ ಕಳಿಸಿದ್ದೆ. ಆಗಲೇ ವಯರ್‌ಲೆಸ್ಸಿನಲ್ಲಿ ನನಗೆ ಸೂಲಗಿತ್ತಿ ಎಂದು ಹೆಸರು ಬಿದ್ದಿತ್ತು. ಐದನೆಯ ಸಂಜೆ ಇನ್ನೂ ಎಣಿಸುತ್ತಿದ್ದಾಗಲೇ ಒಬ್ಬ, "ಏನಂತಾಳಪ್ಪಾ ನಮ್ಮ ಸೂಲಗಿತ್ತಿ? ಇವತ್ತೂ ಎಲ್ಲಾ ಬಸುರೀರೇನಾ?" ಎಂದ. ಇನ್ನೊಬ್ಬ, "ಮಸಿ ಹತ್ತಿರೋದು ಅವನ ಕನ್ನಡಕಕ್ಕೆ, ಒರೆಸ್ಕೊಳೋ ಅಂತ ಹೇಳ್ರೋ," ಎಂದ. ಎಲ್ಲರೂ ನಕ್ಕರು. ಅದು ಕೆಟ್ಟ ನಗುವಾಗಿರಲಿಲ್ಲ. ದಣಿದವರ ನಗು. ನಾನೂ ನಕ್ಕೆ. ನಗುತ್ತಲೇ ಗುಂಡಿ ಒತ್ತಿ ಇಪ್ಪತ್ತೆಂಟು ಎಂದೆ. ತಟ್ಟೆಯಲ್ಲಿದ್ದದ್ದು ನಲವತ್ತೊಂದು.

ದುರಾಸೆಯಿಂದ ಮಾಡಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಐದನೇ ಸಲ ಇಲ್ಲವೆನ್ನುವವನಾಗಲು ನನಗೆ ಇಷ್ಟವಿರಲಿಲ್ಲ, ಅಷ್ಟೇ. ಕಾರಣ ಅಷ್ಟು ಸಣ್ಣದು. ಯಾರಿಗೆ ಹೇಳಿದರೂ, ಇದಕ್ಕಾ, ಎನ್ನುತ್ತಾರೆ.

ಬೆಳಿಗ್ಗೆ ಬಂದರಿನ ಕಟ್ಟೆಯ ಮೇಲೆ ಪೆಟ್ಟಿಗೆಗಳನ್ನು ಸಾಲಾಗಿಟ್ಟಾಗ ಕೆಂಪಿಗಿಂತ ಕಪ್ಪೇ ಹೆಚ್ಚು ಕಾಣುತ್ತಿತ್ತು. ಇದೇನಿದು ಎಂದು ಗೆನ್ಜೊ ಕೇಳಿದರು. "ತಟ್ಟೇಲಿ ಬಂದದ್ದನ್ನ ಎಣಿಸಿದೆ," ಎಂದೆ. ಆ ಮಾತಿನಲ್ಲಿ ಸುಳ್ಳು ಎಂಬುದೇ ಇಲ್ಲ, ಯಾಸುಜಿ. ಎಷ್ಟೋ ಸಲ ಅದನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ತಟ್ಟೆಗೆ ಸುರಿದವನು ನೀನು. ನೀನೇ ಕರಿತಲೆಗಳನ್ನು ತೆಗೆದು ಸುರಿದಿರಬೇಕು ಎಂಬಂತೆ ಎಲ್ಲರ ತಲೆ ನಿನ್ನ ಕಡೆ ತಿರುಗಿತು. ನೀನು ಟೋಪಿ ತೆಗೆದು ಸೊಂಟದವರೆಗೆ ಬಗ್ಗಿದೆ. ನನ್ನಿಂದ ತಪ್ಪಾಯಿತು ಎಂದು ನೀನು ಹೇಳಿದ್ದು ನನಗೆ ನಿನ್ನ ಬೆನ್ನಿನ ಹಿಂದಿನಿಂದ ಕೇಳಿಸಿತು.

ಒಂದು ರಾತ್ರಿಯ ಬಲೆಯಿಂದ ಕೊಲ್ಲಿ ಬರಿದಾಗುವುದಿಲ್ಲ ಎಂದು ಸಂಶೋಧನಾ ಕೇಂದ್ರದವರು ಬಂದು ಹೇಳಿಹೋದರು. ನೀರು ಬಿಸಿಯಾಗಿದೆ, ನದಿಯ ರಾಡಿ ಹೆಚ್ಚಿದೆ, ಇನ್ನೂ ಏನೇನೋ. ಕೇಳಿ ಸಮಾಧಾನವಾಯಿತು. ಮನೆಗೆ ಬರುವ ದಾರಿಯಲ್ಲಿ, ಸಮಾಧಾನವಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಉತ್ತರ ಬರೆಯಲೇಬೇಕೆಂದಿಲ್ಲ.

ಕುನಿಹಿಕೊ


ನಿಶಿಹಾಮ, ಡಿಸೆಂಬರ್ ೧೨

ಯಾಸುಜಿ,

ನೀನು ಬರೆಯಲಿಲ್ಲ. ಬರೆಯಬೇಕೆಂದಿಲ್ಲ ಎಂದು ನಾನೇ ಹೇಳಿ, ದಿನಾ ಅಂಚೆಯವನ ಸ್ಕೂಟರಿನ ಸದ್ದಿಗೆ ಹೊರಗೆ ಬರುತ್ತೇನೆ.

ಕಳೆದ ವಾರ, ಸಂಘದ ಅಧ್ಯಕ್ಷರಿಗಾದರೂ ತಿಳಿಯಲಿ ಎಂದು, ಗೆನ್ಜೊ ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಮೊಮ್ಮಗಳ ಸೈಕಲ್ಲಿಗೆ ಚೈನು ಹಾಕುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ, ಈಗ ಯಾಕಪ್ಪಾ ಅದೆಲ್ಲ, ಎಂದರು. ಯಾಸುಜಿಯೇ ತಲೆ ಬಗ್ಗಿಸಿ ಮುಗಿಸಿ ಹೋಗಿದ್ದಾನೆ, ಊರು ಒಂದು ಮಾಡಿಕೊಂಡಿದೆ, ಮೀನೂ ಇಲ್ಲದ ಕಾಲದಲ್ಲಿ ಮತ್ತೆ ಒಡೆಯುವುದು ಬೇಡ ಎಂದು ಬಹಳ ಹೊತ್ತು ಹೇಳಿದರು. ಆಮೇಲೆ ಎಣ್ಣೆಯ ಡಬ್ಬಿ ಹಿಡಿದುಕೊಳ್ಳಲು ನನಗೆ ಕೊಟ್ಟರು. ಹಿಡಿದುಕೊಂಡೆ. ಹೊರಟಾಗ ಹಗುರಾಗಿದ್ದೆ ಎಂದು ಬರೆಯಲೇಬೇಕು. ಒಬ್ಬರಿಗೆ ಹೇಳಿಯಾಯಿತು, ನನ್ನ ಪಾಲು ಮುಗಿಯಿತು ಎಂಬಂತೆ.

ಹಗುರು ಎರಡು ದಿನವೂ ಉಳಿಯಲಿಲ್ಲ. ನದಿಯ ಬಯಲಿಗೆ ಹೋಗಿದ್ದೆ. ಒಣಗಿಸಲು ಏನೂ ಇಲ್ಲದ್ದರಿಂದ ಹೆಂಗಸರು ಕಪ್ಪು ಬಲೆಹಾಸುಗಳನ್ನು ಸುತ್ತಿಡುತ್ತಿದ್ದರು. ಹಿಂದೆ ಪರ್ವತ, ಎಂದಿನಂತೆ, ಯಾರಿಗೂ ಬೇಡವಾಗಿ. ನಾಗಿಸಾ ಒಬ್ಬಳೇ ಒಂದು ಸಾಲಿನಲ್ಲಿದ್ದಳು. ಮಾರ್ಚಿನಿಂದ ನಾನು ನಿನ್ನ ಜೋಡಿಯಾಗುತ್ತೇನೆ, ಯೋಚಿಸಬೇಡ ಎಂದೆ.

ಅವಳು ಹಾಸು ಸುತ್ತುವುದನ್ನು ಬಿಟ್ಟು ನನ್ನನ್ನು ನೋಡಿದಳು. "ಯಾರೂ ನನ್ನ ಜೊತೆ ಬರಲ್ಲ ಅಂತಾರೆ. ನೀವೊಬ್ಬರು ಬರ್ತೀನಿ ಅಂತೀರಲ್ಲ, ಯಾಕೆ ಚಿಕ್ಕಪ್ಪ?"

ನಿನ್ನ ಅಪ್ಪ ನನ್ನ ಗೆಳೆಯ ಎಂದೆ. ನಿಜವೇ. ಆದರೆ ಅದು ತಟ್ಟೆಯ ಮಾತಿನಂಥದೇ ಇನ್ನೊಂದು ನಿಜ. ಅವಳು ತಲೆಯಾಡಿಸಿ, ನಿಮ್ಮಂಥೋರು ಒಬ್ಬರಾದ್ರೂ ಇದ್ದೀರಲ್ಲ, ಎಂದಳು. ಯಾಸುಜಿ, ಬೈಸಿಕೊಳ್ಳುವುದಕ್ಕೆ ಸಿದ್ಧನಾಗಿದ್ದೆ. ಇದಕ್ಕಲ್ಲ.

ಕುನಿಹಿಕೊ


ಇನಾ, ಜನವರಿ ೬

ಕುನಿ,

ಹೊಸ ವರ್ಷ. ಇಲ್ಲಿ ಮೊಣಕಾಲುದ್ದ ಹಿಮ. ಬರೆಯಲು ತಡವಾಯಿತು.

ವ್ಯಾನಿನಲ್ಲಿ ಹದಿನಾಲ್ಕು ಮಕ್ಕಳು. ಕಡಲಿನವನು ಎಂದು ಗೊತ್ತಾದಾಗಿನಿಂದ ಪ್ರಶ್ನೆ ಕೇಳುತ್ತವೆ. ಕಡಲಿನ ತಳದಲ್ಲಿ ಕತ್ತಲೆಯಾ, ಸೀಗಡಿಗೆ ಭಯವಾಗುವುದಿಲ್ಲವಾ ಎಂದು. ಅದರ ಮೈಯಲ್ಲೇ ದೀಪಗಳಿವೆ ಎಂದೆ. ನಂಬಲಿಲ್ಲ. ನಾನು ಸುಳ್ಳು ಹೇಳುತ್ತೇನೆಂದು ಈಗ ವ್ಯಾನಿನಲ್ಲೆಲ್ಲ ಹೆಸರಾಗಿದೆ.

ನಿನ್ನ ಪತ್ರಗಳು ಬಂದಿವೆ. ನವೆಂಬರಿನದನ್ನು ಸುಮಿಗೆ ತೋರಿಸಿಲ್ಲ.

ನಿನ್ನಿಂದ ಒಂದು ಆಗಬೇಕು. ಮಾರ್ಚ್ ಸಭೆಯಲ್ಲಿ ಅದನ್ನು ಎತ್ತಬೇಡ. ನಾಗಿಸಾಗೂ ಹೇಳಬೇಡ. ಬೋಟು ಅವಳ ಹೆಸರಿಗೆ ಆದರೆ ಆಗಲಿ. ಆಗದಿದ್ದರೆ ಹಳೇ ಬೋಟು ಒಡೆಯುವ ಗುಜರಿಯವರಿಗೆ ಕೊಟ್ಟುಬಿಡುತ್ತೇನೆ, ಅವರ ಜೊತೆ ಮಾತಾಗಿದೆ. ಅವಳು ಬೇರೆ ಕೆಲಸ ನೋಡಿಕೊಳ್ಳಲಿ. ಇನ್ನೂ ಮೂವತ್ತನಾಲ್ಕು, ಕಾಲ ಮಿಂಚಿಲ್ಲ.

ನನಗಾಗಿ ನೀನು ಏನೂ ಮಾಡಬೇಕಿಲ್ಲ. ನನಗೆ ಬೇಡ ಎಂದು ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ನಿನ್ನ ಮೊಣಕೈ ನೋವು ಹೇಗಿದೆ?

ಯಾಸುಜಿ


ನಿಶಿಹಾಮ, ಮಾರ್ಚ್ ೯

ಯಾಸುಜಿ,

ನಿನ್ನ ಮಾತು ಮೀರಿದ್ದೇನೆ. ನಾಗಿಸಾ ಇಷ್ಟರಲ್ಲೇ ಫೋನು ಮಾಡಿರಬಹುದು. ಆದರೂ ನನ್ನಿಂದಲೂ ಬರಲಿ.

ನಿನ್ನ ಜನವರಿಯ ಪತ್ರವನ್ನು ಕಿಸೆಯಲ್ಲಿಟ್ಟುಕೊಂಡೇ ನಿನ್ನೆ ಸಭೆಗೆ ಹೋಗಿದ್ದೆ. ಸುಮ್ಮನಿರಬೇಕೆಂದೇ ಹೋದದ್ದು. ನೀನು ಬೇಡವೆಂದಿರುವೆ, ಅದನ್ನು ಗೌರವಿಸುತ್ತಿದ್ದೇನೆ ಎಂದು ಮೆಟ್ಟಿಲು ಹತ್ತುವಾಗಲೆಲ್ಲ ಹೇಳಿಕೊಂಡೆ. ನಿನ್ನ ಮಾತು ನನಗೆ ಎಷ್ಟು ಅನುಕೂಲವಾಗಿತ್ತೆಂದರೆ, ಎರಡು ತಿಂಗಳು ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ.

ನಾಗಿಸಾ ಬಾಗಿಲ ಪಕ್ಕ ಚಾಪೆಯ ಅಂಚಿನಲ್ಲಿ ಕೂತಿದ್ದಳು, ಇನ್ನೂ ಸದಸ್ಯಳಲ್ಲವಲ್ಲ. ಬೋಟಿನ ವಿಷಯ ಬಂದಾಗ ರೊಕುರೊ, ಹುಡುಗಿಯ ಮೇಲೆ ನಮಗೇನಿಲ್ಲ, ಕೆಲಸ ಬಲ್ಲವಳು, ಆದರೆ ಆ ಮನೆಯಿಂದ ಒಂದು ಮಾತು ಬಂದರೆ ಎಲ್ಲರಿಗೂ ಸಮಾಧಾನ ಎಂದ. ಮೃದುವಾಗಿಯೇ ಹೇಳಿದ. ಅವಳು ಎದ್ದು ನಿಂತಳು. ಟೋಪಿ ತೆಗೆದಳು. ಕೈ ತೊಡೆಗಾನಿಸಿ ಸೊಂಟದಿಂದ ಬಗ್ಗಿ, "ನಮ್ಮ ಅಪ್ಪನಿಂದ," ಎಂದು ಶುರು ಮಾಡಿದಳು.

ಅದನ್ನು ಎರಡನೇ ಸಲ ನೋಡಲಾಗಲಿಲ್ಲ. ಧೈರ್ಯ ಎಂದುಕೊಳ್ಳಬೇಡ. ಬಿಸಿ ಪಾತ್ರೆಯಿಂದ ಕೈ ತಾನೇ ಹಿಂದಕ್ಕೆ ಬರುತ್ತದಲ್ಲ, ಹಾಗೆ ಎದ್ದೆ. "ನಲವತ್ತೊಂದು ಇತ್ತು," ಎಂದೆ. "ತಟ್ಟೇಲಿ ನಲವತ್ತೊಂದು ಇತ್ತು. ಇಪ್ಪತ್ತೆಂಟು ಅಂದವನು ನಾನು." ಉಳಿದದ್ದನ್ನೂ ಹೇಳಿದೆ. ಸೂಲಗಿತ್ತಿಯ ಮಾತು ಮಾತ್ರ ಬಿಟ್ಟೆ. ಅದನ್ನು ಆಡಿದವರು ಎದುರಿಗೇ ಇದ್ದರು.

ಕೋಪ ಬರುತ್ತದೆ ಎಂದುಕೊಂಡಿದ್ದೆ. ಯಾರಾದರೂ ಎದ್ದು ಬಂದು ಹೊಡೆದಾರು ಎಂದೂ ಅನಿಸಿತ್ತು. ಯಾರೋ ಚಹಾದ ಲೋಟ ಕೆಳಗಿಟ್ಟ ಸದ್ದಾಯಿತು. ಗೆನ್ಜೊ ಕಿಟಕಿಯ ಕಡೆ ನೋಡುತ್ತ, "ಕೂತ್ಕೋ ಕುನಿ," ಎಂದರು. "ನಮಗೇನು ಗೊತ್ತಿರ್ಲಿಲ್ವಾ?"

ನನಗೆ ಮೊದಲು ಅರ್ಥವಾಗಲಿಲ್ಲ. ನಾಗಿಸಾಗೆ ನನಗಿಂತ ಮುಂಚೆ ಅರ್ಥವಾಯಿತು. ಬಗ್ಗಿದ್ದವಳು ನೆಟ್ಟಗಾಗಿ ಟೋಪಿ ಹಾಕಿಕೊಂಡಳು.

"ಗೊತ್ತಿದ್ದೋರು ಯಾರ್ಯಾರು?" ಎಂದಳು. "ಕೈ ಎತ್ತಿ."

ಸಭೆ ನಡೆಸೋಕೆ ನೀನ್ಯಾರಮ್ಮಾ ಎಂದು ರೊಕುರೊ ಗೊಣಗಿದ. ಅವಳು ಅವನ ಕಡೆ ತಿರುಗಲೂ ಇಲ್ಲ. ಎಲ್ಲರನ್ನೂ ನೋಡುತ್ತ ನಿಂತೇ ಇದ್ದಳು. ಮೊದಲು ಗೆನ್ಜೊ ಅವರ ಕೈ ಮೇಲೆ ಹೋಯಿತು, ಕಿವಿಯವರೆಗೆ ಮಾತ್ರ. ಆಮೇಲೆ ಅವರ ಹಿಂದಿನವನದು. ಆಮೇಲೆ ಆ ಸಾಲು. ಸತ್ತ ಸೀಗಡಿಯನ್ನು ಯಾರು ಬೇಕಾದರೂ ಎಣಿಸಬಹುದು, ಯಾಸುಜಿ. ಆ ಬೆಳಿಗ್ಗೆಯ ಪೆಟ್ಟಿಗೆಗಳನ್ನು ನೋಡಿದವನಿಗೆ ಒಂದು ಸೌಟಿನಲ್ಲಿ ಏನಿತ್ತೆಂದು ಗೊತ್ತಾಗದಿರಲು ಹೇಗೆ ಸಾಧ್ಯ? ಅವರಿಗೆಲ್ಲ ಅವತ್ತು ಬಲೆ ಇಳಿಸಬೇಕಿತ್ತು. ನಾನು ಅವರ ಪರವಾಗಿ ಸುಳ್ಳು ಹೇಳಿದೆ, ನೀನು ಅವರ ಪರವಾಗಿ ಬಗ್ಗಿದೆ. ಕೊನೆಗೆ ರೊಕುರೊನ ಕೈಯೂ ಎದ್ದಿತು. ಆಗ ನಾನೂ ಎತ್ತಿದೆ. ಅರ್ಥವಿರಲಿಲ್ಲ, ಆದರೆ ಆ ಕೋಣೆಯಲ್ಲಿ ಕೈ ಕೆಳಗಿಟ್ಟುಕೊಂಡವನು ನಾನೊಬ್ಬನೇ ಆಗಿಬಿಟ್ಟಿದ್ದೆ.

ಬೋಟು ನಾಗಿಸಾಳ ಹೆಸರಿಗಾಯಿತು. ವಿರೋಧ ಇರುವವರು ಕೈ ಎತ್ತಿ ಎಂದು ಗೆನ್ಜೊ ಕೇಳಿದಾಗ, ಇನ್ನೊಮ್ಮೆ ಕೈ ಎತ್ತಲು ಯಾರಿಗೂ ಮುಖವಿರಲಿಲ್ಲ.

ಹೊರಗೆ ಅವಳು ಕಾಯುತ್ತಿದ್ದಳು. "ಮಿಯಾಹಾರಾ-ಸಾನ್," ಎಂದಳು. ಚಿಕ್ಕಪ್ಪ ಎನ್ನಲಿಲ್ಲ. "ಬಲೆ ನಿಮ್ಮ ಜೊತೆಗೇ ಎಳೀತೀನಿ. ತಟ್ಟೆ ನನ್ನ ಬೋಟಲ್ಲೇ ಇರುತ್ತೆ, ಎಣಿಸೋದು ನಾನು."

ಬೇರೆ ಯಾರಾದರೂ ಈಗ ಸಂತೋಷದಿಂದ ಬರುತ್ತಾರೆ, ನನ್ನ ಜೊತೆ ಯಾಕೆ ಎಂದೆ.

"ಬೇರೆಯವರ ಜೊತೆ ಹೋದ್ರೆ ಅವರು ಒಳ್ಳೆಯವರಾಗಿಬಿಡ್ತಾರೆ. ನಿಮ್ಮ ಹತ್ರ ಆ ಭಯ ಇಲ್ಲ."

ಅಷ್ಟು ಹೇಳಿ ಹೋದಳು. ಇಪ್ಪತ್ತೈದಕ್ಕೆ ಮೊದಲ ಬಲೆ. ನಿನ್ನ ಮಾತು ಮೀರಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಉಳಿದದ್ದಕ್ಕೆ ಕೇಳುವುದು ಹೇಗೆಂದು ಇನ್ನೂ ತಿಳಿದಿಲ್ಲ.

ಕುನಿಹಿಕೊ


ಇನಾ, ಮಾರ್ಚ್ ೧೭

ಕುನಿ,

ನಾಗಿಸಾ ಅವತ್ತೇ ಸಂಜೆ ಫೋನು ಮಾಡಿದ್ದಳು. ನಿನ್ನ ಪತ್ರ ಬಂದು ಐದು ದಿನವಾಯಿತು. ಎರಡಕ್ಕೂ ಸೇರಿ ಒಂದೇ ಉತ್ತರ ಬರೆಯುತ್ತಿದ್ದೇನೆ. ನಿನ್ನ ಪತ್ರಗಳಲ್ಲಿ ಒಂದು ಕಡೆ ತಪ್ಪಿದೆ, ಅದು ನಿನ್ನ ತಪ್ಪಲ್ಲ.

ತಟ್ಟೆಗೆ ಸುರಿಯುವಾಗಲೇ ನಾನು ನೋಡಿದ್ದೆ. ನಲವತ್ತೋ ಐವತ್ತೋ, ಎಣಿಸುವ ಅಗತ್ಯವೇ ಇರಲಿಲ್ಲ. ನೀನು ಇಪ್ಪತ್ತೆಂಟು ಎಂದಾಗ ನನ್ನ ವಯರ್‌ಲೆಸ್ಸೂ ನನ್ನ ಕೈಯಲ್ಲಿತ್ತು. ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಸದ್ಯ, ಇವತ್ತಾದರೂ, ಎಂದುಕೊಂಡೆ. ಒಬ್ಬನೇ ಇಳಿಸಿದರೆ ಆ ಬಲೆ ತೆರೆದುಕೊಳ್ಳುವುದಿಲ್ಲ ಎಂದು ನಿನಗೆ ಹೇಳಬೇಕಿಲ್ಲ. ನನ್ನ ತುದಿಯನ್ನು ನಾನೇ ಇಳಿಸಿದೆ.

ಆದ್ದರಿಂದ ಬೆಳಿಗ್ಗೆ ಕಟ್ಟೆಯ ಮೇಲೆ ಬಗ್ಗಿದ್ದು ನಿನಗಾಗಿ ಅಲ್ಲ. ನೀನು ಹಾಗೆಂದುಕೊಂಡು ಐದು ತಿಂಗಳು ಬರೆದೆ. ನಾನು ಓದುತ್ತ ಓದುತ್ತ ದೊಡ್ಡ ಮನುಷ್ಯನಾಗುತ್ತ ಹೋದೆ. ಸಭೆಯಲ್ಲಿ ಎತ್ತಬೇಡ ಎಂದು ಜನವರಿಯಲ್ಲಿ ಬರೆದದ್ದೂ ಅದಕ್ಕೇ. ನೀನು ಹೇಳಿದರೆ, ನೀನು ಸುಳ್ಳು ಹೇಳುವಾಗ ಯಾಸುಜಿ ಎಲ್ಲಿದ್ದ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಕೇಳಿಬರದಿರಲು ಮಗಳ ಬೋಟನ್ನು ಒಡೆಯಲು ಕೊಡುವುದಕ್ಕೂ ತಯಾರಾಗಿದ್ದೆ.

ಅವಳು ಕೇಳಿದಳು. ಸಭೆಯದೆಲ್ಲ ಹೇಳಿ ಮುಗಿಸಿ, ಬೋಟಿನ ಕಾಗದಗಳು ಎಲ್ಲಿವೆ ಎಂದು ವಿಚಾರಿಸಿ, ಆಮೇಲೆ ಕೇಳಿದಳು: "ಅಪ್ಪಾ, ನಿಮಗೆ ಗೊತ್ತಿತ್ತಾ?"

ಆ ಕಡೆ ಅವಳು ಕಾಯುತ್ತಿದ್ದಳು. ನಾನು ಕೈ ಎತ್ತಿದೆ. ಫೋನಿನಲ್ಲಿ ಕೈ ಕಾಣುವುದಿಲ್ಲ ಎಂಬುದು ಗೊತ್ತಿದ್ದೇ ಎತ್ತಿದೆನೇನೋ.

ಸುಮಿ ಎದುರಿಗೆ ಕೂತು ಫೋನಿನ ಮಾತೆಲ್ಲ ಕೇಳಿಸಿಕೊಳ್ಳುತ್ತ ಸೇಬು ಹೆಚ್ಚುತ್ತಿದ್ದಳು. ನನ್ನನ್ನು ನೋಡಿದಳು. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಫೋನನ್ನು ನನ್ನಿಂದ ತೆಗೆದುಕೊಂಡು, "ಎತ್ತಿದಾರೆ," ಎಂದು ಅವಳಿಗೆ ಹೇಳಿದಳು.

ಯಾಸುಜಿ